ತುಕ್ರನ ಮುಷ್ಟಿ ಅಕ್ಕಿ, ಥುಕ್ಬಾದ ಗಂಜಿ

ಕೊಲ್ಲಿಯ ಅಲ್ ಖೋಬರ್ ಪಟ್ಟಣದ ಥುಕ್ಬಾ ಬಡಾವಣೆಯಲ್ಲಿ ಬೆಳಗಿನ ಬಾಂಗು ಮುಗಿದು ಬೀದಿ ಮತ್ತೆ ಸುಮ್ಮನಾಗಿದೆ. ಮೂರಂತಸ್ತಿನ ಹಳೆಯ ಕಟ್ಟಡವೊಂದರ ಕೆಳಗೆ, ಮೆಸ್ಸಿನ ಅಡುಗೆಕೋಣೆಯಲ್ಲಿ, ಜಯಾನಂದ ತಿಮೊಥಿಯವರು ನೆನೆಹಾಕಿದ ಅಕ್ಕಿಯ ಪಾತ್ರೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಕೆಂಪು ಕುಚ್ಚಲಕ್ಕಿಯ ನಡುವಿನಿಂದ ಬಿಳಿಯ ಕಾಳುಗಳನ್ನು ಹೆಕ್ಕಿ ಬದಿಯ ತಟ್ಟೆಗೆ ಎಸೆಯುತ್ತಿದ್ದಾರೆ. ಎಸೆಯುವ ರೀತಿಯಲ್ಲೇ ಸಿಟ್ಟು ಕಾಣುತ್ತದೆ.

“ಬೆಳ್ತಿಗೆ ಹಾಕಿದವ ಯಾರು, ಹೇಳಿ ನೋಡುವ. ಕುಚ್ಚಲು ಬೇಯುವಷ್ಟರಲ್ಲಿ ಇದು ಅಂಟಾಗಿ ಹೋಗ್ತದೆ. ಎಷ್ಟು ಸಲ ಹೇಳಿದ್ದೇನೆ. ಗೋಡೆಗೆ ಹೇಳಿದ್ರೆ ಗೋಡೆಯಾದ್ರೂ ಕೇಳ್ತಿತ್ತು, ಮಾಷ್ಟ್ರೆ.”

ಇಲ್ಲಿಯ ಪದ್ಧತಿ ಹೀಗಿದೆ. ಸಂಜೆ ಕೆಲಸದಿಂದ ಮರಳಿದ ಪ್ರತಿಯೊಬ್ಬನೂ ತನ್ನ ಕೋಣೆಯಿಂದ ಒಂದು ಮುಷ್ಟಿ ಅಕ್ಕಿ ತಂದು ಮೆಸ್ಸಿನ ಬಾಗಿಲಲ್ಲಿಟ್ಟ ಪಾತ್ರೆಗೆ ಹಾಕುತ್ತಾನೆ. ಎಲ್ಲರ ಅಕ್ಕಿಯೂ ಕೂಡಿ ರಾತ್ರಿಯಿಡೀ ನೆನೆಯುತ್ತದೆ, ಬೆಳಿಗ್ಗೆ ಗಂಜಿಯಾಗುತ್ತದೆ. ಜತೆಗೆ ಕಾಯಿಚಟ್ನಿ, ಉಪ್ಪಿನಕಾಯಿ, ಬೇಕಾದವರಿಗೆ ಸುಟ್ಟ ಒಣಮೀನು. ಮೊದಲ ತಟ್ಟೆ ಅಡುಗೆಯವರದು. ಅವರು ಎಲ್ಲರೆದುರು ಕುಳಿತು ಒಂದು ಗುಟುಕು ಕುಡಿದ ಮೇಲೆಯೇ ಉಳಿದವರು ತಟ್ಟೆ ಹಿಡಿಯುತ್ತಾರೆ. ಕೆಲಸಕ್ಕೆ ಒಯ್ಯುವ ವ್ಯಾನು ಬರುವ ಮೊದಲು ನಲವತ್ತು ಮಂದಿಯ ಹೊಟ್ಟೆ ತಣ್ಣಗಾಗುತ್ತದೆ. ಮಧ್ಯಾಹ್ನ, ರಾತ್ರಿಯ ಊಟಕ್ಕೆ ಮೆಸ್ಸಿನದೇ ಅಕ್ಕಿ, ಮೆಸ್ಸಿನದೇ ಲೆಕ್ಕ. ಗಂಜಿಗೆ ಮಾತ್ರ ಈ ಮುಷ್ಟಿಯ ಕ್ರಮ. ಇದನ್ನು ತಂದವರು ಜಯಾನಂದರು. ಹಾಗೆಂದರೆ ಅವರು ಒಪ್ಪುವುದಿಲ್ಲ. “ನಾನು ತಂದದ್ದಲ್ಲ, ನಮ್ಮ ತುಕ್ರಜ್ಜ ತಂದದ್ದು,” ಎನ್ನುತ್ತಾರೆ.

ಊರಲ್ಲಿ ಮಾಷ್ಟ್ರಾಗಿದ್ದ ನಾನು, ಮನೆಯವಳು ತೀರಿಕೊಂಡ ಮೇಲೆ ಇಲ್ಲೇ ಅಲ್ ಖೋಬರಿನ ಮಗಳ ಮನೆಯಲ್ಲಿದ್ದೇನೆ. ಮನೆಯವಳ ಕೈಯ ಗಂಜಿ ಇನ್ನಿಲ್ಲವೆಂದು ಸುಮ್ಮನಿದ್ದವನಿಗೆ ಊರವರೊಬ್ಬರು ಈ ಮೆಸ್ಸಿನ ದಾರಿ ತೋರಿಸಿದರು. ರುಚಿ ಅದಲ್ಲ. ಆದರೂ ಬರುತ್ತೇನೆ.

ಜಯಾನಂದರಿಗೆ ಐವತ್ತು ದಾಟಿದೆ. ಊರು ಪಡುಕೋಡಿ. ಮೊದಲು ಹಂಚಿನ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಕ್ಯಾಂಟೀನು, ಆಮೇಲೆ ಈ ದೇಶ. ಬೇಸಿಗೆಯಲ್ಲಿ ಈ ಕೋಣೆಯ ಒಳಗೆ ನಿಂತವನಿಗೆ ಹೊರಗಿನ ಬಿಸಿಲು ತಂಪೆನಿಸುತ್ತದೆ. ಎರಡೂ ಮುಂಗೈಗಳ ತುಂಬ ಸುಟ್ಟ ಕಲೆ. ತಾಯಿ ತೀರಿದಾಗ ಇಲ್ಲಿರುವ ಪರವಾನಗಿ ಇಕಾಮಾದ ಅವಧಿ ಮುಗಿದಿತ್ತು, ಅದನ್ನು ಮಾಡಿಸಿಕೊಡಬೇಕಾದ ಕಫೀಲ್ ಫೋನು ಎತ್ತಲಿಲ್ಲ, ಮಣ್ಣಿಗೆ ಹೋಗಲಾಗಲಿಲ್ಲ. ಇದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಈರುಳ್ಳಿಯ ಕಡೆ ತಿರುಗುತ್ತಾರೆ. ಮಗಳು ಅನಿಷಾ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಓದು ಮುಗಿಯುವವರೆಗೆ ಈ ಒಲೆ ಬಿಡುವಂತಿಲ್ಲ.

ಇನ್ನು ತುಕ್ರಜ್ಜನ ಮಾತು. ಆತ ಜಯಾನಂದರ ಅಜ್ಜನ ಅಜ್ಜ. ಪಡುಕೋಡಿಗೆ ಜರ್ಮನ್ ಪಾದ್ರಿಯೊಬ್ಬರು ಬಂದು ಮಿಷನ್ ತೆರೆದಾಗ ಮೊದಲು ದೀಕ್ಷಾಸ್ನಾನ ಪಡೆದವರಲ್ಲಿ ಒಬ್ಬ. ಊರ ಹೊರಗಿನ ಕೇರಿಯವನು. ಪಾದ್ರಿ ಅವನಿಗೆ ತಿಮೊಥಿ ಎಂದು ಹೆಸರಿಟ್ಟರು, ಜನ ತುಕ್ರನೆಂದೇ ಕರೆದರು. ಅವನ ಹಿಂದೆ ಮುಂದೆ ಸೇರಿದವರಲ್ಲಿ ಶೇಂದಿ ಇಳಿಸುವ ಮೂರ್ತೆಯವರಿದ್ದರು, ಮೀನು ಹಿಡಿಯುವವರಿದ್ದರು, ಒಂದೆರಡು ದೊಡ್ಡ ಮನೆಯವರೂ ಇದ್ದರು. ಇವರೆಲ್ಲರ ಮನೆಯವರು, ಸತ್ತವರಿಗೆ ಮಾಡುವ ಬೊಜ್ಜದ ಊಟವನ್ನು ಬದುಕಿದ್ದವರಿಗೇ ಹಾಕಿಸಿ ಅವರ ಪಾಲಿಗೆ ಬಾಗಿಲು ಮುಚ್ಚಿದ್ದರು. ಎಲ್ಲರಿಗೂ ಮಿಷನಿನ ಕಂಪೌಂಡೇ ಮನೆಯಾಯಿತು.

ಒಂದೇ ಬೆಂಚಿನಲ್ಲಿ ಕುಳಿತು ಪ್ರಾರ್ಥನೆ ಮಾಡಿದ ಈ ಜನ ಬೇರೆ ಬೇರೆ ಒಲೆ ಹೂಡಿದರು. ತುಕ್ರ ಮುಟ್ಟಿದ ನೀರನ್ನು ಮೂರ್ತೆಯವರು ಕುಡಿಯಲಿಲ್ಲ. ಮೂರ್ತೆಯವರು ಬೇಯಿಸಿದ್ದನ್ನು ದೊಡ್ಡ ಮನೆಯವರು ತಿನ್ನಲಿಲ್ಲ. ದೇವರ ಮಕ್ಕಳೆಲ್ಲ ಒಂದೇ ಎಂದು ಪಾದ್ರಿ ಭಾನುವಾರ ಭಾನುವಾರ ಬೋಧಿಸಿದರು. ಎಲ್ಲರೂ ಆಮೆನ್ ಎಂದು ತಮ್ಮ ತಮ್ಮ ಒಲೆಗೆ ನಡೆದರು. ಪಾದ್ರಿಯಾದರೋ ತಮ್ಮ ಬಂಗಲೆಯ ಮೇಜಿನಲ್ಲಿ ಒಬ್ಬರೇ ಉಣ್ಣುತ್ತಿದ್ದರಂತೆ. ಇದನ್ನು ಬರೆಯುವಾಗ ನನಗೆ ನಗುವೂ ಬರುವುದಿಲ್ಲ.

ತುಕ್ರ ವಾದ ಮಾಡಲಿಲ್ಲ. ಕಾಯಿಲೆಯವರಿಗೆ ಗಂಜಿ ಮಾಡಬೇಕೆಂದು ಪ್ರತಿ ಒಲೆಯ ಮುಂದೆ ನಿಂತು ಒಂದೊಂದು ಮುಷ್ಟಿ ಅಕ್ಕಿ ಬೇಡಿದ. ಕೊಡುವುದಕ್ಕೆ ಯಾರಿಗೂ ಮೈಲಿಗೆಯಿರಲಿಲ್ಲ, ತೆಗೆದುಕೊಳ್ಳುವುದಕ್ಕೆ ಮಾತ್ರ. ಆ ವರ್ಷ ವಾಂತಿಭೇದಿ ಬಂತು. ಒಲೆ ಹಚ್ಚುವ ಕೈಗಳೆಲ್ಲ ಹಾಸಿಗೆ ಹಿಡಿದವು. ತುಕ್ರನ ಮಡಕೆಯೊಂದೇ ಬೆಂಕಿಯ ಮೇಲಿತ್ತು. ಅವರವರ ಬಾಯಿಗೆ ಅವನೇ ಗಂಜಿ ಎರೆದ. ಎದ್ದು ಕುಳಿತವರಿಗೆ, ನಿನ್ನೆಯವರೆಗೆ ಕುಡಿದ ಕೈಯಿಂದ ಇವತ್ತು ಬೇಡವೆನ್ನಲು ನಾಲಗೆ ಏಳಲಿಲ್ಲ. ಒಬ್ಬ ಮುದುಕಿ ಮಾತ್ರ ಮೈ ಸುಧಾರಿಸಿದ ದಿನವೇ ತನ್ನ ಒಲೆಗೆ ಮರಳಿದಳು, ಸಾಯುವವರೆಗೂ ಅಲ್ಲಿಯೇ ಬೇಯಿಸಿಕೊಂಡಳು. ತುಕ್ರ ಅವಳಿಂದಲೂ ದಿನಕ್ಕೊಂದು ಮುಷ್ಟಿ ತರುವುದನ್ನು ಬಿಡಲಿಲ್ಲ.

ಇದು ಜಯಾನಂದರ ಅಜ್ಜಿ ವಾರಿಜಾ ಹೇಳುತ್ತಿದ್ದ ಮಾತು. ಬೇರೆ ಸಾಕ್ಷಿಯಿಲ್ಲ. ಪಡುಕೋಡಿ ಸಭೆಯವರು ತಂದ ಸ್ಮರಣ ಸಂಚಿಕೆಯಲ್ಲಿ ಪಾದ್ರಿಯ ದೊಡ್ಡ ಚಿತ್ರವಿದೆ, ಅವರು ಹತ್ತಿಬಂದ ಹಡಗಿನ ಹೆಸರಿದೆ, ಅವರ ನಾಯಿಯ ಹೆಸರೂ ಇದೆ. “ಪೂಜ್ಯರು ತಮ್ಮ ಬೋಧನೆಯಿಂದ ಜಾತಿಯ ಒಲೆಗಳನ್ನು ಒಂದುಗೂಡಿಸಿದರು” ಎಂದು ಒಂದು ಸಾಲಿದೆ. ತುಕ್ರನ ಹೆಸರಿಲ್ಲ. ಸಂಪಾದಕರಿಗೆ ನಾನು ಫೋನು ಮಾಡಿದೆ. “ಅಡುಗೆಯವರನ್ನೆಲ್ಲ ಸೇರಿಸಲಿಕ್ಕೆ ಹೋದ್ರೆ ಪುಟ ಸಾಕಾಗುದಿಲ್ಲ, ಮಾಷ್ಟ್ರೆ,” ಎಂದರು. ಜಾಹೀರಾತಿಗೆ ಮಾತ್ರ ಐದು ಪುಟ ಸಿಕ್ಕಿತ್ತು.

ಜಯಾನಂದರಿಗೆ ಸಂಚಿಕೆಯ ಚಿಂತೆಯಿಲ್ಲ. ಅವರ ತಲೆ ತಿಂದದ್ದು ಸೌಟು. ತಿಂಗಳ ಹಿಂದೆ ಒಂದು ಬೆಳಿಗ್ಗೆ, ವಿಟ್ಲ ಕಡೆಯ ಎಲೆಕ್ಟ್ರಿಷಿಯನ್ ಅಖಿಲೇಶ್, ಮಾಂಸದ ಸೌಟನ್ನು ಗಂಜಿಗೆ ಹಾಕುತ್ತಾರೆಂದು ತಟ್ಟೆ ಸರಿಸಿ ಎದ್ದ.

“ಸೌಟು ಬೇರೆ ಬೇರೆ ಉಂಟು ಮಾರಾಯ. ಒಳಗೆ ಬಾ, ಕಣ್ಣಾರೆ ನೋಡು,” ಎಂದರು ಜಯಾನಂದರು.

“ನೋಡ್ಲಿಕ್ಕೆ ಎಂತ ಉಂಟು ಜಯಣ್ಣ? ನಮಗೊಂದು ಬೇರೆ ಪಾತ್ರೆ ಇರ್ಲಿ. ಸುಮ್ಮನೆ ರಗಳೆ ಬೇಡ.”

ಬಂಟ್ವಾಳದ ಡ್ರೈವರ್ ಆಶಿಕ್ ಕೂಡಲೇ ತಲೆ ಎತ್ತಿದ. “ಹಾಗಾದ್ರೆ ನಮಗೂ ಬೇರೆ ಇರ್ಲಿ. ನಮಗೆ ಸಂಶಯ ಬರುದಿಲ್ವಾ?”

“ನಿಂಗೆ ಎಂತದ್ದು ಸಂಶಯ?” ಎಂದು ಕೇಳಿದವರು ಹಸನ್ ಕುಂಞಿ. ಮೆಸ್ಸು ನಡೆಸುವವರು ಅವರೇ.

“ಈಗ ಗೊತ್ತಿಲ್ಲ ಹಸನಾಕ. ಹುಡುಕಿದ್ರೆ ಸಿಕ್ತದೆ.”

ಕ್ರಿಕೆಟ್ಟಿನಿಂದ ಹಿಡಿದು ಕೋಣೆಯ ಏಸಿಯವರೆಗೆ ಯಾವುದರಲ್ಲೂ ಒಪ್ಪದ ಈ ಇಬ್ಬರು ಎರಡು ಪಾತ್ರೆಯ ಮಾತಿಗೆ ಮಾತ್ರ ಅಣ್ಣತಮ್ಮಂದಿರಂತೆ ಒಪ್ಪಿದರು. ಹಸನ್ ಕುಂಞಿಯವರಿಗೆ ಗಿರಾಕಿಗಳನ್ನು ಕಳೆದುಕೊಳ್ಳುವ ಹೆದರಿಕೆ. ಅವರು ಹೊಸ ಪಾತ್ರೆ ತಂದರು.

“ಎರಡು ಇಟ್ಟ ದಿವಸ ನಾನು ಎಕ್ಸಿಟ್ ಹೊಡೆಸಿ ಊರಿಗೆ ಹೋಗುದು,” ಎಂದು ಜಯಾನಂದರು ಹೇಳಿದ್ದರು. ಹೋಗುವಂತಿಲ್ಲವೆಂದು ಅವರಿಗೂ ಗೊತ್ತು, ಹಸನ್ ಕುಂಞಿಯವರಿಗೂ ಗೊತ್ತು. ಅದೇ ದೊಡ್ಡ ಕಿರಿಕಿರಿ. “ಬಿಡ್ಲಿಕ್ಕೆ ಆಗದವನ ಸಿಟ್ಟಿಗೆ ಬೆಲೆ ಉಂಟಾ, ಮಾಷ್ಟ್ರೆ? ಮಕ್ಕಳ ಮುನಿಸು ಇದ್ದ ಹಾಗೆ.”

ಪಾತ್ರೆಗಳನ್ನಿಟ್ಟ ಸಂಜೆ ನಾನು ಅಲ್ಲಿದ್ದೆ. ಬಾಗಿಲ ಬಲಕ್ಕೊಂದು, ಎಡಕ್ಕೊಂದು. ವ್ಯಾನಿನಿಂದಿಳಿದವರು ಕೋಣೆಗೆ ಹೋಗಿ ಅಕ್ಕಿ ತಂದರು. ಅಖಿಲೇಶ್ ಬಲಗಡೆಗೆ ಹಾಕಿದ. ಆಶಿಕ್ ಎಡಗಡೆಗೆ. ಒಬ್ಬೊಬ್ಬರಾಗಿ ಜನ ಅತ್ತ ಇತ್ತ ಸರಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಾಲಿನ ಕೊನೆಗೆ ಪೈಪು ಜೋಡಿಸುವ ಸಾದುಲ್ಲಾ. ಬಂಗಾಳಿ. ಗಂಜಿಯ ರುಚಿ ಹತ್ತಿ ವರ್ಷಗಳಿಂದ ನಮ್ಮವರ ಜತೆಗೇ ಉಣ್ಣುವವನು. ನಡೆದದ್ದು ಅವನಿಗೆ ಯಾರೂ ಹೇಳಿರಲಿಲ್ಲ.

“ಯೇ ದೋ ಕ್ಯೋಂ?” ಎಂದು ಎರಡು ಪಾತ್ರೆಗಳನ್ನೂ ತೋರಿಸಿ ಕೇಳಿದ.

ಅದು ನಿನ್ನದು, ಎಂದು ಆಶಿಕ್ ಎಡಗಡೆ ತೋರಿಸಿದ. ಸಾದುಲ್ಲಾ ಹಾಕಲಿಲ್ಲ. ಅವನು ಕೋಣೆಯಲ್ಲಿ ಮಲಗುವುದು ಅಖಿಲೇಶನ ಮೇಲಿನ ಮಂಚದಲ್ಲಿ. ಕಳೆದ ಚಳಿಗಾಲ ಅಖಿಲೇಶನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಅಕ್ಕಿಯ ಮುಷ್ಟಿ ಹಿಡಿದು ಅಖಿಲೇಶನನ್ನೇ ನೋಡುತ್ತ ನಿಂತ.

ಅಷ್ಟರಲ್ಲಿ ಒಳಗಿನಿಂದ ಜಯಾನಂದರು ತಮ್ಮ ಮುಷ್ಟಿ ಅಕ್ಕಿಯೊಡನೆ ಬಂದರು. ಎರಡು ಪಾತ್ರೆಗಳ ನಡುವೆ ನಿಂತರು.

“ನನ್ನದು ಎಲ್ಲಿ ಹಾಕುದು, ಹೇಳಿ.”

 ಅಖಿಲೇಶ್ ಕೈಯ ಅಕ್ಕಿಹುಡಿ ಒರೆಸಿಕೊಂಡ. “ನೀವು ಎಲ್ಲಿ ಬೇಕಾದ್ರೂ ಹಾಕಿ ಜಯಣ್ಣ. ನಿಮ್ಮ ಬಗ್ಗೆ ಮಾತಲ್ಲ ಇದು.”

“ಎಲ್ಲಿ ಬೇಕಾದ್ರೂ ಅಂದ್ರೆ ಎಲ್ಲಿಯೂ ಇಲ್ಲ ಅಂತ ಅರ್ಥ, ಮಗಾ. ತುಕ್ರಜ್ಜ ಮಿಷನ್ ಸೇರಿದಾಗ ನಿಮ್ಮವರು ಬೊಜ್ಜ ಮಾಡಿದ್ರು. ಈ ಆಶಿಕನವರ ಕಡೆಗೆ ನಾವು ಬರ್ಲೇ ಇಲ್ಲ. ಎರಡು ಪಾತ್ರೆ ಇಟ್ಟಲ್ಲಿ ನಮಗೆ ಜಾಗ ಇಲ್ಲ. ಒಂದು ಇದ್ರೆ ಮಾತ್ರ ಉಂಟು.” ಸ್ವರ ಏರಲಿಲ್ಲ. ಸಾಕಾದವರ ಸ್ವರ ಅದು. “ಇಷ್ಟು ವರ್ಷ ನಿಮ್ಮ ಹೊಟ್ಟೆ ತುಂಬಿಸಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಬೇಕಾ?”

ಅಕ್ಕಿಯನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋದರು. ಸಾದುಲ್ಲಾನೂ ತನ್ನ ಮುಷ್ಟಿ ಬಿಚ್ಚದೆ ಮೆಟ್ಟಲೇರಿದ.

ಮರುದಿನ ಬೆಳಿಗ್ಗೆ ಎರಡು ಗಂಜಿ ಸಿದ್ಧವಾಗಿದ್ದವು. ಎರಡನ್ನೂ ಬೇಯಿಸಿದ ಕೈ ಒಂದೇ, ಅದನ್ನು ಯಾರೂ ಎಣಿಸಿರಲಿಲ್ಲ. ಎರಡೂ ಚೆನ್ನಾಗಿಯೇ ಬೆಂದಿದ್ದವು, ಕೆಲಸದಲ್ಲಿ ಅವರು ಸಿಟ್ಟು ತೋರಿಸುವವರಲ್ಲ. ಆದರೆ ಮೊದಲ ತಟ್ಟೆಗೆ ಅವರು ಕೂರಲಿಲ್ಲ. ಬಾಗಿಲ ಬಳಿ ನಿಂತು ಹಿಂದಿನ ದಿನದ ಖುಬೂಸ್ ರೊಟ್ಟಿಯನ್ನು ಕಪ್ಪು ಚಹಾದಲ್ಲಿ ಅದ್ದಿ ತಿಂದರು. ಜನ ಕಾದರು.

“ನೀವು ಕೂತ್ಕೊಳ್ಳದೆ ನಾವು ಹ್ಯಾಗೆ ಉಣ್ಣುದು?” ಎಂದ ಆಶಿಕ್.

“ಉಣ್ಣಿ. ನಿಮ್ಮ ನಿಮ್ಮದು ಉಂಟಲ್ಲ. ನನ್ನದು ಅದರಲ್ಲಿ ಇಲ್ಲ.”

ಹೊರಗೆ ವ್ಯಾನಿನವನು ಯಲ್ಲಾ ಯಲ್ಲಾ ಎಂದು ಹಾರ್ನು ಒತ್ತಿದ. ಕೆಲವರು ಕುಡಿದರು, ಕೆಲವರು ಹಾಗೆಯೇ ಹೊರಟರು. ಎರಡು ಪಾತ್ರೆಯಲ್ಲೂ ಅರ್ಧರ್ಧ ಉಳಿಯಿತು. ಮರುದಿನವೂ ಅಷ್ಟೇ. ಮೂರನೆಯ ದಿನ ಹಸನ್ ಕುಂಞಿಯವರು ನನ್ನೆದುರೇ ತಲೆಗೆ ಕೈಯಿಟ್ಟು ಕುಳಿತರು. “ಗಂಜಿಯನ್ನು ಚೆಲ್ಲುದು ನಾನು ಹುಟ್ಟಿದ ಮೇಲೆ ನೋಡಿದ್ದಿಲ್ಲ. ಈ ಮನುಷ್ಯ ಬೈದಿದ್ರೆ ಆದ್ರೂ ಆಗ್ತಿತ್ತು.”

ಆ ವಾರದ ಕೊನೆಗೆ ಬಾಗಿಲಲ್ಲಿ ಪಾತ್ರೆ ಒಂದೇ ಇತ್ತು. ಇನ್ನೊಂದು ಎಲ್ಲಿ ಎಂದರೆ ಹಸನ್ ಕುಂಞಿಯವರು, “ಅದು ತೂತು,” ಎಂದರು. ಹೊಸ ಪಾತ್ರೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.  ಸಾದುಲ್ಲಾ ಮೊದಲು ಹಾಕಿದ. ಅಖಿಲೇಶ್ ಬಹಳ ಹೊತ್ತು ಮೆಟ್ಟಲ ಮೇಲೆ ಫೋನು ನೋಡುತ್ತ ಕುಳಿತಿದ್ದು, ಎಲ್ಲರೂ ಹೋದ ಮೇಲೆ ಬಂದು ಹಾಕಿದ. ಹಾಕಿ, ಒಳಗೆ ಹೋಗಿ ಸೌಟುಗಳನ್ನು ನೋಡಿಬಂದ. ಅದೊಂದು ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಎಲ್ಲರೂ ಬಂದರೆಂದು ಬರೆದರೆ ಸುಳ್ಳಾಗುತ್ತದೆ. ಮೂವರು ಬರಲಿಲ್ಲ. ಅಖಿಲೇಶನ ಗೆಳೆಯರಿಬ್ಬರು, ಆಶಿಕನ ಕೋಣೆಯವನೊಬ್ಬ. ಅವರು ಮೇಲಿನ ಮಹಡಿಯಲ್ಲಿ ತಾವೇ ಬೇಯಿಸಿಕೊಳ್ಳುತ್ತಾರೆ. ಅಲ್ಲಿ ಸರಿಯಿರುವುದು ಒಂದೇ ಪ್ಲಗ್, ಆದ್ದರಿಂದ ರೈಸ್ ಕುಕ್ಕರೂ ಒಂದೇ. ಬೇರೆ ಬೇರೆ ಇರಬೇಕೆಂದು ಹೊರಟವರು ಅದರಲ್ಲಿಯೇ ಮೂವರೂ ಉಣ್ಣುತ್ತಿದ್ದಾರೆ. ಇದನ್ನು ಹೇಳುವಾಗ ಜಯಾನಂದರು ನಗಲಿಲ್ಲ, ನಿಟ್ಟುಸಿರು ಬಿಟ್ಟರು. ಆಮೇಲೆ ಒಂದು ಬಟ್ಟಲಲ್ಲಿ ಚಟ್ನಿ ತುಂಬಿಸಿ, ಮೇಲೆ ಕೊಟ್ಟುಬಾ ಎಂದು ಆಶಿಕನ ಕೈಗಿತ್ತರು.

“ಇವರು ನಾಳೆ ಇನ್ನೊಂದಕ್ಕೆ ಜಗಳ ಮಾಡ್ತಾರೆ, ಬರ್ದಿಟ್ಟುಕೊಳ್ಳಿ,” ಎನ್ನುತ್ತಾರೆ, ಒಲೆಯ ಉರಿ ತಗ್ಗಿಸುತ್ತ. “ಮಾಡ್ಲಿ. ಬೇಡ ಹೇಳ್ಲಿಕ್ಕೆ ನಾನು ಯಾರು? ಹಸಿದುಕೊಂಡು ಮಾಡುದು ಬೇಡ, ಅಷ್ಟೇ. ಉಂಡು ಮಾಡ್ಲಿ.”