ಫಾದರ್ ಮೌನದಲ್ಲಿದ್ದ ವಾರ

ನಮ್ಮಪ್ಪ ರಾಯಪ್ಪ ಬಂಡ್ರಿ ಕಡೆಯ ಸಣ್ಣ ಚರ್ಚೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಉಪದೇಶಿ. ಫಾದರ್ ಬಾರದ ದಿನ ಪ್ರಾರ್ಥನೆ ನಡೆಸುತ್ತಾನೆ, ಮಕ್ಕಳಿಗೆ ಜಪ ಕಲಿಸುತ್ತಾನೆ. ಯಾರ ಮನೆಯಲ್ಲಿ ಏನು ತಪ್ಪು ನಡೆಯಿತೆಂದು ಮೊದಲು ತಿಳಿಯುವುದೂ ಅವನಿಗೇ. ಮಾರೆಮ್ಮನ ಗುಡಿಯಲ್ಲಿ ಕಾಯಿ ಒಡೆಸಿದರೆಂದು ಒಂದು ಮನೆಯವರನ್ನು ಅಪ್ಪ ಮೂರು ತಿಂಗಳು, ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದದ ಸಾಲಿಗೆ ಬರಗೊಡಲಿಲ್ಲ. ಆಗ ಮಗಳಾದ ನನಗೆ ಅಪ್ಪನೆಂದರೆ ಹೆಮ್ಮೆ. ಈಗ ಆ ಹೆಮ್ಮೆ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ಫಾದರ್ ವಾರ್ಷಿಕ ಧ್ಯಾನಕ್ಕೆಂದು ಹೊಸಪೇಟೆಗೆ ಹೋದರು. ಸುತ್ತಿನ ಫಾದರ್‌ಗಳೆಲ್ಲ ಅಲ್ಲಿ ಸೇರಿ ಆರು ದಿನ ಮಾತು ಬಿಟ್ಟು ಪ್ರಾರ್ಥನೆಯಲ್ಲಿರುತ್ತಾರೆ. ಫೋನುಗಳನ್ನೂ ಆಫೀಸಿನಲ್ಲಿ ಕೊಟ್ಟುಬಿಡುತ್ತಾರೆ. ಕಿಡ್ನಿ ಹೋಗಿದೆಯೆಂದು ಆಸ್ಪತ್ರೆಯವರು ಕೈಚೆಲ್ಲಿ ಕಳಿಸಿದ್ದ ಅವ್ವನಿಗೆ ಮೂರನೆಯ ದಿನ ಬೆಳಗ್ಗೆ ಉಸಿರು ಕಟ್ಟತೊಡಗಿತು.

"ಪಾಪನಿವೇದನೆ ಮಾಡ್ಬೇಕ್ರಿ. ಒಂದ್ ಮಾತು ಹೇಳೋದೈತಿ," ಎಂದು ಅಪ್ಪನಿಗೆ ಹೇಳಿದಳು.

"ಫಾದರ್ ಧ್ಯಾನಕ್ಕ ಹೋಗ್ಯಾರಲ್ಲ."

"ಹಂಗಾದ್ರ ನೀವ ಕೇಳ್ರಿ."

ಅಷ್ಟು ಹೇಳಲು ಅವಳಿಗೆಷ್ಟು ಧೈರ್ಯ ಬೇಕಾಯಿತೆಂದು ಆಗ ನನಗೆ ಗೊತ್ತಿರಲಿಲ್ಲ.

"ಹುಚ್ಚು ಹಿಡದೈತೇನ್ ನಿನಗ? ನಾನ್ ಕೇಳಿದ್ರ ಪಾಪ ಹೋಗಂಗಿಲ್ಲ. ಫಾದರ್‌ನ ಕರ್ಕೊಂಡ್ ಬರ್ತೀನಿ, ತಡಕೋ," ಎಂದು ಅಪ್ಪ ಬೈಕ್ ಹತ್ತಿದ.

ಅದಿರಿನ ಲಾರಿಗಳ ನಡುವೆ ನುಸುಳಿ ಹನ್ನೊಂದಕ್ಕೆ ಧ್ಯಾನಕೇಂದ್ರ ಮುಟ್ಟಿದ್ದನಂತೆ. ಒಳಗೆ ಆರಾಧನೆ ನಡೆದಿತ್ತು. "ಸಾಯೋ ಹೆಣ್ಮಗಳ ವಿಷಯ, ಒಳಗ ಹೋಗ್ರಿ," ಎಂದು ತಾನು ಹೇಳಿದ್ದಾಗಿ ಅಲ್ಲಿನ ವಾಚ್‌ಮನ್ ಹಂಪಯ್ಯನೇ ಆಮೇಲೆ ನನಗೆ ಹೇಳಿದ. ಅಪ್ಪ ಒಪ್ಪಲಿಲ್ಲ. ಮೌನ ಕೆಡಿಸಬಾರದೆಂದು ಜಗಲಿಯ ಮೇಲೆ ಕೈಕಟ್ಟಿ ಕುಳಿತ. ಒಂದೂಕಾಲು ತಾಸು! ಹೆಂಡತಿ ಪ್ರಾಣ ಬಿಡುತ್ತಿರುವಾಗ ಪ್ರಾರ್ಥನೆ ಮುಗಿಯಲೆಂದು ಕಾದ ಗಂಡಸು ಇನ್ನೊಬ್ಬನಿದ್ದರೆ ತೋರಿಸಿ.

ಇತ್ತ ಅವ್ವ ಬಾಗಿಲು ನೋಡಿ ನೋಡಿ ಸೋತು ನನ್ನ ಕೈ ಹಿಡಿದಳು. ನನಗೆ ಆರು ವರ್ಷವಿದ್ದಾಗ ಜ್ವರ ನೆತ್ತಿಗೇರಿತ್ತಂತೆ. ಅಪ್ಪ ಊರಲ್ಲಿಲ್ಲದ ದಿನ ನೋಡಿ ನನ್ನನ್ನು ಹೊತ್ತುಕೊಂಡು ಹುಲಿಗಿಯ ಗುಡಿಗೆ ಹೋಗಿ ಹುಲಿಗೆಮ್ಮನಿಗೆ ಉಡಿ ತುಂಬಿ ಬಂದಿದ್ದಳು. ಜ್ವರ ಇಳಿಯಿತು. ಅದನ್ನು ಯಾವ ಫಾದರ್ ಮುಂದೆಯೂ ಬಾಯಿಬಿಡಲಿಲ್ಲ. ಫಾದರ್‌ಗಳೆಲ್ಲ ನಮ್ಮ ಮನೆಯಲ್ಲಿ ಉಣ್ಣುವವರು, ಅಪ್ಪನ ಕಿವಿಗೆ ಬಿದ್ದೀತೆಂಬ ಭಯ. ಹಾಗೆಯೇ ಇಪ್ಪತ್ತು ವರ್ಷ, ಪ್ರತಿ ಭಾನುವಾರ, ಪಾಪ ಮುಚ್ಚಿಟ್ಟು ತೆಗೆದುಕೊಳ್ಳುವುದು ಇನ್ನೂ ದೊಡ್ಡ ಪಾಪವೆಂದು ಗೊತ್ತಿದ್ದೂ ಪರಮಪ್ರಸಾದ ತೆಗೆದುಕೊಂಡಿದ್ದಳು.

"ನರಕಕ್ಕ ಹೋಗ್ತೀನೇನವ್ವ ನಾನು?" ಎಂದು ನನ್ನನ್ನು ಕೇಳಿದಳು.

"ನನ್ನ ಉಳಿಸಾಕ ಹೋಗಿದ್ದಿ. ಅದಕ್ಕ ಯಾವ ದೇವ್ರು ಸಿಟ್ಟಾಗ್ತಾನಬೇ?" ಎಂದೆ.

ನಂಬಿದಳೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತಿಗೆಲ್ಲ ಹೋಗಿಬಿಟ್ಟಳು.

ಅಪ್ಪ ಫಾದರನ್ನು ಕರೆತಂದಾಗ ಎರಡು ದಾಟಿತ್ತು. ಫಾದರ್ ಅವ್ವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸಿದರು. ಅಪ್ಪ ನಡೆದದ್ದೆಲ್ಲ ಹೇಳಿದ ಮೇಲೆ ಮೆಲ್ಲಗೆ, "ನೇರ ಒಳಗೆ ಬಂದು ಕರೆಯಬಾರದಿತ್ತೇ ರಾಯಪ್ಪನವರೇ? ಪಾಪ ಕ್ಷಮಿಸೋದು ದೇವರ ಕೆಲಸ. ಗಂಡನಾಗಿ ಆಕೆಯ ಮಾತು ಕೇಳಿ ಸಮಾಧಾನ ಹೇಳೋಕೆ ನಿಮ್ಮನ್ನ ಯಾರು ತಡೆದಿದ್ರು?" ಎಂದರು.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ನನ್ನ ಪಕ್ಕ ಬಂದು ಕುಳಿತ. "ನಿನ್ನ ಮುಂದ ಏನಾರ ಹೇಳಿದ್ಲೇನವ್ವ?"

"ಹೇಳಿದ್ಲು."

"ಏನಂತ?"

ಅವ್ವ ಅವನಿಗೆಷ್ಟು ಹೆದರಿ ಬದುಕಿದಳೆಂದು ಅವನಿಗೂ ತಿಳಿಯಲಿ ಅನ್ನಿಸಿತು. ಆದರೆ ಸತ್ತ ಮೇಲೂ ಅವಳನ್ನು ಅವನ ಮುಂದೆ ತಪ್ಪಿತಸ್ಥೆಯಾಗಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

"ನಿನಗ ಹೇಳಾಕ ಹೊಂಟಿದ್ಲಪ್ಪಾ. ನೀನು ಬ್ಯಾಡಂದಿ."

ವರ್ಷ ಕಳೆಯಿತು. ಅವ್ವ ಏನು ಹೇಳಿದಳೆಂದು ಉಣ್ಣಲು ಕುಳಿತಾಗ ದಿನಾ ಕೇಳುತ್ತಾನೆ. ನಾನು ಅನ್ನ ಬಡಿಸಿ ಎದ್ದು ಹೋಗುತ್ತೇನೆ.