ಸುಣ್ಣ ಹಿಡಿಯದ ಕಲೆ

"ಅಮ್ಮಾರ, ಈ ಕಲಿ ಸುಣ್ಣ ಹಿಡಿಯವಲ್ದು ನೋಡ್ರಿ" ಎಂದು ಸುಣ್ಣ ಬಳಿಯುವ ತಿಮ್ಮಣ್ಣ ಹೊರಗಿನಿಂದ ಕೂಗಿದಾಗ ನಾನು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಯುಗಾದಿಗೆ ಇನ್ನೂ ಹದಿನೈದು ದಿನ ಇತ್ತು. ಯಾವ ಕಲೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಆದರೂ ಏನೂ ಗೊತ್ತಿಲ್ಲದವಳ ಹಾಗೆ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದೆ.

ತಲಬಾಗಿಲ ಬಲಕ್ಕೆ, ನೆಲದಿಂದ ಎರಡು ಮೊಳ ಎತ್ತರದಲ್ಲಿ ಅದು ಇದೆ. ಅಂಗೈಯಷ್ಟು ಅಗಲ, ಚಹಾದ ಬಣ್ಣ. ಗೋಡೆಗೆ ಒರಗಿ ಕೂತ ಗಂಡಸಿನ ತಲೆ ತಾಗುವಷ್ಟು ಎತ್ತರ.

"ಎರಡು ಸಲ ಹೊಡದೆ. ಒಣಗೋದ್ರಾಗ ಮತ್ತ ಮ್ಯಾಲ ಬಂತು. ಎಣ್ಣಿ ಕುಡದ ಗ್ವಾಡಿ ಸುಣ್ಣ ಕುಡಿಯಂಗಿಲ್ಲ ಬಿಡ್ರಿ" ಎಂದ ತಿಮ್ಮಣ್ಣ. "ಯಾರು ಕುಂದ್ರತಿದ್ರಿ ಇಲ್ಲಿ?"

ನಾನು ಚಹಾಕ್ಕಿಡಲು ಒಳಗೆ ಬಂದೆ. ಅವನಿಗೆ ಕೊಡದ ಉತ್ತರವನ್ನು ನಿಮಗೆ ಕೊಡುತ್ತೇನೆ. ನಿಮಗೆ ಗೋಡೆ ಬಳಿಯುವ ಅವಸರವಿಲ್ಲವಲ್ಲ.

ನಮ್ಮದು ರಾಯಚೂರಿನ ಕೋಟೆಗೋಡೆಯ ಹಿಂದಿನ ಓಣಿ. ನಮ್ಮ ಮನೆಯವರು ಶಂಕ್ರಪ್ಪ, ಹತ್ತಿ ಕಾರ್ಖಾನೆಯಲ್ಲಿ ತೂಕ ಮಾಡುವವರು. ಇವತ್ತು ಸಂಜೆ ಆರಕ್ಕೆ ಸರಿಯಾಗಿ ಮನೆಗೆ ಬರುತ್ತಾರೆ, ಬಂದು ಕೈಕಾಲು ತೊಳೆದು ಕಡಲೆ ತಿನ್ನುತ್ತಾರೆ. ಈ ಮಾತನ್ನು ಎಂಟು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಆಗ ಇವರ ಮನೆ ಸೇಂದಿ ಅಂಗಡಿಯಾಗಿತ್ತು, ಇದು ಬಟ್ಟೆ ಬದಲಿಸುವ ಜಾಗ. ಈಚಲ ಮರದಿಂದ ಇಳಿಸಿದ ಸೇಂದಿಗೆ ಅಂಗಡಿಯವನು ಏನು ಪುಡಿ ಬೆರೆಸುತ್ತಿದ್ದನೋ, ಎರಡು ದಿನ ಸಿಗದಿದ್ದರೆ ಇವರ ಕೈ ಗಾಳಿಗೆ ಸಿಕ್ಕ ಎಲೆಯಾಗುತ್ತಿತ್ತು.

ನಾನೂ ಕಡಿಮೆ ಇರಲಿಲ್ಲ. ಇವರಿಗೆ ಕುಡಿಯುವ ಚಟ, ನನಗೆ ಮೂಸುವ ಚಟ. ಅಂಗಿ ಮೂಸುತ್ತಿದ್ದೆ, ದಿಂಬು ಮೂಸುತ್ತಿದ್ದೆ, ಒಮ್ಮೆ ಇವರ ಚಪ್ಪಲಿ ಮೂಸುವಾಗ ಪಕ್ಕದ ಮನೆಯಾಕೆ ನೋಡಿ, "ಏನ್ ಕಳಕೊಂಡೀರಿ?" ಎಂದು ಕೇಳಿದ್ದಳು. ಬೀದಿಯ ತಿರುವಿನಲ್ಲಿ ಇವರ ಹೆಜ್ಜೆ ಕೇಳಿಯೇ ಎಷ್ಟು ಗಡಿಗೆ ಒಳಗಿಳಿದಿದೆ ಎಂದು ಹೇಳುತ್ತಿದ್ದೆ. ಇಷ್ಟು ಬುದ್ಧಿ ಓದಿನಲ್ಲಿ ಇದ್ದಿದ್ದರೆ ಮಾನವಿಯ ಶಾಲೆಯಲ್ಲಿ ನನ್ನನ್ನು ಏಳನೇ ಇಯತ್ತೆಯಲ್ಲಿ ಎರಡು ವರ್ಷ ಕೂರಿಸುತ್ತಿರಲಿಲ್ಲ.

ಬೇರೆ ಊರಿನಲ್ಲಿ ದೆವ್ವಗಳು ರಾತ್ರಿಗೆ ಕಾಯುತ್ತವಂತೆ. ನಮ್ಮ ರಾಯಚೂರಿನವಕ್ಕೆ ಅಷ್ಟು ತಾಳ್ಮೆ ಇಲ್ಲ. ಚೈತ್ರ ವೈಶಾಖದಲ್ಲಿ ಹನ್ನೆರಡು ಹೊಡೆಯಿತೆಂದರೆ ಓಣಿಯಲ್ಲಿ ನಾಯಿ ಕೂಡ ಇರುವುದಿಲ್ಲ. ಕಲ್ಲು ಹಾಸಿನ ಮೇಲೆ ಬಿಸಿಲು ನೀರಿನ ಹಾಗೆ ಅಲುಗುತ್ತದೆ. ಎಲ್ಲ ಮನೆಯ ಬಾಗಿಲುಗಳೂ ಮುಚ್ಚಿರುತ್ತವೆ. ನಮ್ಮವ್ವ ಹೇಳುತ್ತಿದ್ದಳು: ಆ ಹೊತ್ತಿನಲ್ಲಿ ಬಾಗಿಲು ಬಡಿದರೆ ಮೂರು ಸಲ ಬಡಿಯುವ ತನಕ ತೆರೆಯಬಾರದು.

ಅಂಥದೊಂದು ಮಧ್ಯಾಹ್ನ ನಮ್ಮ ಬಾಗಿಲ ಕೊಂಡಿ ಸಪ್ಪಳವಾಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ.

"ಯಕ್ಕಾ, ಬಾಗಿಲಾ ತಗಿ. ನೀರು ಕೊಡು."

ಮಲ್ಲಟದ ಹಣಮಂತನ ದನಿ. ಕುರಿ ಮೇಯಿಸುವ ಮನೆತನದ ಹುಡುಗ, ಹತ್ತಿ ಗಾಡಿ ಹೊಡೆದುಕೊಂಡು ಕಾರ್ಖಾನೆಗೆ ಬರುತ್ತಿದ್ದ, ಬಂದಾಗಲೆಲ್ಲ ಇವರ ಜೊತೆ ಸೇಂದಿ ಅಂಗಡಿಯಲ್ಲಿ ಕೂರುತ್ತಿದ್ದ. ಹಿಂದಿನ ವಾರವಷ್ಟೇ ಇಬ್ಬರೂ ಬಂದು, ಹೀಗೇ ನೀರು ಕೇಳಿ, ನನ್ನ ತವರಿನ ಹಿತ್ತಾಳೆ ಕೊಡ ಹೊತ್ತೊಯ್ದು ಮಾರಿದ್ದರು. ಇನ್ನೊಂದು ಕೊಡ ಉಳಿದಿತ್ತು. ನಾನು ಅದನ್ನು ಎದೆಗೆ ಅವಚಿಕೊಂಡು ಬಾಗಿಲ ಹಿಂದೆ ನಿಂತೆ. ಕೊಡದ ತುಂಬ ನೀರಿತ್ತು. ಉಸಿರು ಬಿಟ್ಟರೆ ತುಳುಕೀತೆಂದು ಉಸಿರನ್ನೂ ಹಿಡಿದೆ.

ಎರಡನೆಯ ಸಲ ಬಡಿದ. ಮೂರನೆಯ ಸಲ ಬಡಿದ. ನಮ್ಮವ್ವನ ಲೆಕ್ಕದಲ್ಲೂ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ಗೋಡೆಗೆ ಬೆನ್ನು ಉಜ್ಜುತ್ತಾ ಯಾರೋ ಕೆಳಗೆ ಕುಸಿದು ಕೂತ ಸಪ್ಪಳ ಕೇಳಿತು. ಆಮೇಲೆ ಏನೂ ಇಲ್ಲ. ನಾಲ್ಕು ಗಂಟೆಗೆ ತೆರೆದು ನೋಡಿದರೆ ಯಾರೂ ಇರಲಿಲ್ಲ. ಗೋಡೆಯ ಮೇಲೆ ಹಸಿ ಎಣ್ಣೆಯ ಗುರುತೊಂದು ಮಾತ್ರ ಇತ್ತು.

ಕಾರ್ಖಾನೆಯ ಹೊರಗಿನ ಬೇವಿನ ಮರದ ಬುಡದಲ್ಲಿ ಅವನು ಕೂತಂತೆಯೇ ಸತ್ತಿದ್ದನೆಂದು ಮರುದಿನ ತಿಳಿಯಿತು. ಬಿಸಿಲು ಬಡಿಯಿತು ಎಂದರು. ಅವನು ನಮ್ಮ ಬಾಗಿಲಿಗೆ ಬಂದದ್ದನ್ನು ನೋಡಿದವರು ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ. ಅಂದಿನಿಂದ ಇವರು ಇನ್ನೂ ಹೆಚ್ಚು ಕುಡಿದರು.

ಐದಾರು ವರ್ಷ ಕಳೆದ ಮೇಲೆ ಇವರು ಕುಡಿತ ಬಿಟ್ಟದ್ದು ದೇವದುರ್ಗದ ಖಾದರಸಾಬರಿಂದ. ಹತ್ತಿ ಹಿಂಜಿ ಗಾದಿ ಹೊಲಿಯುವವರು. ವರ್ಷಕ್ಕೆರಡು ಸಲ ಹತ್ತಿ ಕೊಳ್ಳಲು ಕಾರ್ಖಾನೆಗೆ ಬರುತ್ತಿದ್ದರು. ಹರೆಯದಲ್ಲಿ ಮುಂಬೈಯಲ್ಲಿ ಕುಡಿದು ಕುಡಿದು ರಸ್ತೆಗೆ ಬಿದ್ದಿದ್ದರಂತೆ. ಅಲ್ಲಿ ಕುಡುಕರೇ ಕುಡುಕರನ್ನು ಎಬ್ಬಿಸುವ ಒಂದು ಕೂಟ ಅವರನ್ನು ಎಬ್ಬಿಸಿತು. ಹನ್ನೆರಡು ಮೆಟ್ಟಿಲು ಎಂದು ಅವರು ಕರೆಯುವ ಪಾಠವನ್ನು ಊರಿಗೆ ತಂದು, ತಮ್ಮ ಗಾದಿ ಅಂಗಡಿಯಲ್ಲೇ ಭಾನುವಾರ ಮುಂಜಾನೆ ಏಳೆಂಟು ಜನರನ್ನು ಕೂರಿಸುತ್ತಿದ್ದರು. ಮೊದಲ ಮೆಟ್ಟಿಲು, ಇದು ನನ್ನ ಕೈಲಾಗುವುದಿಲ್ಲ ಎಂದು ಒಪ್ಪುವುದು. ಆಮೇಲೆ ನಮಗಿಂತ ದೊಡ್ಡವನೊಬ್ಬನಿಗೆ ಭಾರ ಒಪ್ಪಿಸುವುದು. "ಯಾ ದೇವರಿಗ್ರೀ? ನಿಮ್ಮ ದೇವರಿಗೋ ನಮ್ಮ ಹಣಮಪ್ಪಗೋ?" ಎಂದು ಇವರು ಕೇಳಿದ್ದಕ್ಕೆ ಖಾದರಸಾಬರು, "ಹೆಸರು ನೀ ಇಡಪಾ, ಭಾರ ಅಂವ ಹೊರ್ತಾನ" ಎಂದಿದ್ದರು.

ಬಿಟ್ಟ ಮೊದಲ ಮೂರು ದಿನ ಖಾದರಸಾಬರು ನಮ್ಮ ಮನೆಯಲ್ಲೇ ಉಳಿದರು. ಎರಡನೆಯ ದಿನ ಮಧ್ಯಾಹ್ನ ಇವರು ಮೈಯೆಲ್ಲ ಬೆವರಿ, ಮುಚ್ಚಿದ ಬಾಗಿಲನ್ನೇ ನೋಡುತ್ತ ಎದ್ದು ಕೂತರು.

"ಹಣಮಂತ ಕುಂತಾನ ಹೊರಗ."

"ಯಾರಿಲ್ಲ, ಮಲಕ್ಕೊ" ಎಂದರು ಖಾದರಸಾಬರು.

"ಗ್ವಾಡಿಗೆ ತಲಿ ಆನಿಸಿ ಕುಂತಾನ. ನೀರು ಕೇಳಾಕತ್ತಾನ. ಆಕಿ ಕೊಡವಲ್ಲಳು ಅಂತಾನ."

ನನ್ನ ಕೈಯಲ್ಲಿದ್ದ ಗಂಜಿಯ ಬಟ್ಟಲು ನೆಲಕ್ಕೆ ಬಿತ್ತು. ಯಾರಿಗೂ ಹೇಳದ ಮಾತು ಅದು, ನನ್ನ ನಿದ್ದೆಗೂ ಹೇಳದ್ದು. ಖಾದರಸಾಬರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. "ಬಿಡುವಾಗ ಎಲ್ಲಾರಿಗೂ ಏನರ ಕಾಣಸ್ತದ ಬೆಹೆನ್. ನಂಗ ಇಲಿ ಕಂಡಿದ್ವು" ಎಂದು, ಒಂದು ಲೋಟ ನೀರು ತುಂಬಿ, ಬಾಗಿಲು ತೆರೆದು ಹೊಸ್ತಿಲಾಚೆ ಇಟ್ಟು ಬಂದರು. ಇವರು ಮಲಗಿದರು. ಸಂಜೆ ಲೋಟ ತೆಗೆಯಲು ಹೋದರೆ ಅದರಲ್ಲಿ ಒಂದು ಹನಿಯೂ ಇರಲಿಲ್ಲ. ನಮ್ಮ ಬಿಸಿಲಿಗೆ ನೀರು ಆರುತ್ತದೆ, ನಿಜ. ಆದರೆ ಲೋಟ ತುಂಬ ನೀರು ಒಂದೇ ಮಧ್ಯಾಹ್ನದಲ್ಲಿ ಆರಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಮೂರನೆಯ ದಿನದಿಂದ ಇವರಿಗೆ ಹಣಮಂತ ಕಾಣಿಸಲಿಲ್ಲ. ನನಗೆ ಕೇಳಿಸತೊಡಗಿದ.

ಇವರು ಕಾರ್ಖಾನೆಯಲ್ಲಿದ್ದಾಗ, ಮಧ್ಯಾಹ್ನ, ಕೊಂಡಿಯ ಸಪ್ಪಳ ಮೂರು ಸಲ. ಆಮೇಲೆ ಬೆನ್ನು ಗೋಡೆಗೆ ಉಜ್ಜುವ ಸಪ್ಪಳ. ಮೊದಲು ಇಲಿ ಎಂದುಕೊಂಡೆ, ಆಮೇಲೆ ಗಾಳಿ ಎಂದುಕೊಂಡೆ. ಗಾಳಿ ಮೂರರ ತನಕ ಎಣಿಸುವುದನ್ನು ಯಾವಾಗ ಕಲಿಯಿತೆಂದು ನನ್ನನ್ನೇ ಕೇಳಿಕೊಂಡೆ. ಸುಣ್ಣ ತಂದು ನಾನೇ ಕಲೆಯ ಮೇಲೆ ಬಳಿದೆ. ಎರಡು ದಿನಕ್ಕೆ ಮೇಲೆ ಬಂತು. ಸಗಣಿ ಸಾರಿಸಿದೆ, ಅದರ ಮೂಲಕವೂ ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ.

ಮೆಟ್ಟಿಲು ಹತ್ತುತ್ತ ಇವರು ಎಂಟನೆಯದಕ್ಕೆ ಬಂದರು. ಕುಡಿತದಲ್ಲಿ ಯಾರ್ಯಾರಿಗೆ ಕೇಡು ಮಾಡಿದೆವೋ ಅವರ ಪಟ್ಟಿ ಬರೆಯಬೇಕು. ಅವರ ಹತ್ತಿರ ಹೋಗಿ ಒಪ್ಪಿಕೊಳ್ಳುವುದು ಒಂಬತ್ತನೆಯದು. ತೂಕದ ಅಂಕಿ ಬಿಟ್ಟರೆ ಇವರಿಗೆ ಅಕ್ಷರ ಅಷ್ಟಕ್ಕಷ್ಟೆ. ಇವರು ಹೇಳಿದರು, ನಾನು ಬರೆದೆ. ನನ್ನ ಹೆಸರೇ ಮೊದಲು. ಅದನ್ನು ದುಂಡಗೆ ಬರೆದೆನೆಂದು ಒಪ್ಪಿಕೊಳ್ಳುತ್ತೇನೆ. ಕೊನೆಗೆ ಇವರು ತಡೆದು ತಡೆದು ಹೇಳಿದರು:

"ಮಲ್ಲಟದ ಹಣಮಂತ. ನೀರು ಬೇಕು ಅಂದ. ನಮ್ಮ ಮನಿಗೆ ಹೋಗಿ ಕುಡಿ ಹೋಗಲೇ ಅಂತ ಬಿಸಲಾಗ ದಬ್ಬಿದೆ. ಪಾಪ, ಮನಿ ಮುಟ್ಟಲೇ ಇಲ್ಲ ಅಂವ. ನಾನೇ ಕೊಂದೆ."

ನನ್ನ ಪೆನ್ಸಿಲ್ ನಿಂತಿತು. ನಿಂತದ್ದು ಕಾಣಬಾರದೆಂದು ಆ ಜಾಗದಲ್ಲಿ ಬಾಯಿಗೆ ಬಂದ ಹೆಸರು ಬರೆದೆ: ಹಾಲಿನ ನಿಂಗಮ್ಮ.

ಮುಂದಿನ ಭಾನುವಾರ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆವು. ಅಂಗಡಿಯಲ್ಲಿ ಗಾದಿಗಳ ಮೇಲೆ ಎಲ್ಲರೂ ಸುತ್ತ ಕೂತಿದ್ದರು, ಗಾಳಿಯಲ್ಲಿ ಹತ್ತಿಯ ಎಳೆಗಳು ಹಾರುತ್ತಿದ್ದವು. ಅವರಲ್ಲೊಂದು ಪದ್ಧತಿ ಇತ್ತು. ಸುತ್ತಿನಲ್ಲಿ ಒಂದು ಗಾದಿ ಖಾಲಿ ಬಿಟ್ಟು ಅದರ ಮುಂದೆ ಒಂದು ಲೋಟ ನೀರು ಇಡುವುದು. "ಬರೋನು ಬಾಯಾರಿ ಬರ್ತಾನ" ಎನ್ನುತ್ತಿದ್ದರು ಖಾದರಸಾಬರು. ಅಂದು ಹೊಸಬರು ಯಾರಾದರೂ ಬಂದರೆ ಆ ನೀರು ಅವರಿಗೆ, ಇಲ್ಲದಿದ್ದರೆ ಬಾಗಿಲ ಮುಂದಿನ ಬೇವಿನ ಗಿಡಕ್ಕೆ. ಹೆಂಗಸರು ನಾವು ಒಂದಿಬ್ಬರು ಗೋಡೆಯ ಕಡೆ ಕೂರುತ್ತಿದ್ದೆವು.

ಖಾದರಸಾಬರು ಪಟ್ಟಿ ಓದಿದರು. ಕೊನೆಗೆ, "ಹಾಲಿನ ನಿಂಗಮ್ಮ."

"ನಿಂಗಮ್ಮನ ಹೆಸರು ನಾ ಹೇಳೇ ಇಲ್ರಿ" ಎಂದರು ಇವರು.

"ಏನ್ ಮಾಡೀಯೋ ಶಂಕ್ರಪ್ಪಾ ಆಕಿಗೆ? ಖರೇ ಹೇಳು!" ಎಂದು ಒಬ್ಬ ರೇಗಿಸಿದ. ಎಲ್ಲರೂ ನಕ್ಕರು.

"ಏನೂ ಮಾಡಿಲ್ರೀ ಯಪ್ಪಾ! ಹಾಲಿನಾಗ ನೀರು ಹಾಕ್ತಾಳ, ಕೇಡು ಮಾಡಾಕಿ ಆಕಿನ! ನಾ ಹಣಮಂತನ ಹೆಸರು ಬರಿಸಿದ್ದೆ. ನೋಡ್ರಿ ಅದರಾಗ."

"ಹಣಮಂತನ ಹೆಸರು ಇಲ್ಲಪಾ ಇದರಾಗ."

ನಗು ನಿಂತಿತು. ಇವರು ಕಾಗದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ನಾನು ಬರೆದಿರಲಿಕ್ಕಿಲ್ಲ ಎಂಬ ಯೋಚನೆಯೇ ಇವರಿಗೆ ಬರಲಿಲ್ಲ, ನನ್ನ ಮೇಲೆ ಅಂಥ ನಂಬಿಕೆ.

"ಕಾಗದದಾಗ ನಿಲ್ಲವಲ್ಲ ಅಂವ" ಎಂದರು. "ನನ್ನ ಮಾಫಿ ಒಲ್ಲೆ ಅಂತಾನ. ಹೆಸರು ಅಳಿಸಿಕ್ಯಂಡು ಹ್ವಾದ." ಎದ್ದು ಚಪ್ಪಲಿ ಹುಡುಕತೊಡಗಿದರು. "ನಂದು ಆಗಂಗಿಲ್ರಿ. ನಾ ಹೊಂಟೆ."

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ದೇವದುರ್ಗದಲ್ಲೂ ಸೇಂದಿ ಅಂಗಡಿ ಇತ್ತು, ಬಸ್ ನಿಲ್ದಾಣಕ್ಕಿಂತ ಹತ್ತಿರ. ಏಳು ತಿಂಗಳು ಇವರ ಬಾಯಿಗೆ ಒಂದು ಹನಿ ಬಿದ್ದಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತು, ಇನ್ನೊಂದನ್ನು ಕಾಲಲ್ಲೇ ತಡಕಾಡುತ್ತಿದ್ದರು. ಆ ಇನ್ನೊಂದು ಚಪ್ಪಲಿ ಸಿಗುವಷ್ಟರೊಳಗೆ ನಾನು ಮಾತಾಡಬೇಕಿತ್ತು.

"ಅಂವ ಮನಿ ಮುಟ್ಟಿದ್ದ" ಎಂದೆ.

ಹತ್ತಿಯ ಎಳೆಗಳ ನಡುವೆ ನನ್ನ ದನಿ ಬೇರೆ ಯಾರದೋ ಅನ್ನಿಸಿತು. ಎಲ್ಲ ಹೇಳಿದೆ. ಮೂರು ಸಲ ಬಡಿದದ್ದು, ತುಂಬಿದ ಕೊಡ ಅವಚಿಕೊಂಡು ನಿಂತದ್ದು, ನಿಂಗಮ್ಮ, ಮಧ್ಯಾಹ್ನದ ಸಪ್ಪಳ. ಇವರ ಮುಖ ನೋಡಲಿಲ್ಲ, ಚಪ್ಪಲಿಯನ್ನೇ ನೋಡಿದೆ. ಹೇಳಿ ಮುಗಿಸಿದ ಮೇಲೆ ಆ ಕಾಲು ಚಪ್ಪಲಿಯಿಂದ ಹೊರಗೆ ಬಂತು. ಇವರು ಮತ್ತೆ ಕೂತರು.

"ಆರು ವರ್ಷ" ಎಂದರು, ಅಷ್ಟೇ.

ಖಾದರಸಾಬರು ಎದ್ದು, ಖಾಲಿ ಗಾದಿಯ ಮುಂದಿನ ಲೋಟ ತಂದು ನನ್ನ ಕೈಗಿಟ್ಟರು. "ಕುಡೀರಿ ಬೆಹೆನ್. ಇವತ್ತು ಬಂದೋರು ನೀವು." ಇಷ್ಟು ತಿಂಗಳು ಗಂಡನ ಜೊತೆ ಬಂದವಳೆಂದುಕೊಂಡಿದ್ದೆ. ಒಂದನೆಯ ಮೆಟ್ಟಿಲೂ ಹತ್ತದೆ ಕೆಳಗೆ ನಿಂತು ಇವರ ಕಾಲು ನೋಡುತ್ತಿದ್ದೆ, ಅಷ್ಟೆ.

ಮುಂದಿನ ವಾರ ಮಾನವಿಗೆ ಹೋಗಿ, ಅಲ್ಲಿಂದ ಮಲ್ಲಟಕ್ಕೆ ಹೋದೆವು. ಹಣಮಂತನ ತಾಯಿ ಹಟ್ಟಿಯ ಮುಂದೆ ಉಣ್ಣೆ ನೂಲುತ್ತಿದ್ದಳು. ಮೊದಲು ಇವರು ಹೇಳಿದರು, ಆಮೇಲೆ ನಾನು. ಕದಿರು ನಿಲ್ಲಲಿಲ್ಲ.

"ಎಷ್ಟು ಸಲ ಬಡದ?" ಎಂದು ಕೇಳಿದಳು ಮುದುಕಿ.

"ಮೂರು ಸಲ, ಯವ್ವಾ."

"ಹೂಂ. ಮೂರರ ಮ್ಯಾಲ ಯಾರನ್ನೂ ಕೇಳೋನಲ್ಲ ಅಂವ. ಸಣ್ಣವಿದ್ದಾಗಿಂದ ಹಂಗ. ರೊಟ್ಟಿನೂ ಮೂರೇ ಸಲ ಕೇಳ್ತಿದ್ದ." ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. "ಬಿಸಲು ತಲಿಗೆ ಏರತದ ಅಂತ ಅವತ್ತು ಮುಂಜಾನೆ ನಾನೇ ತಲಿತುಂಬ ಎಣ್ಣಿ ತಟ್ಟಿ ಕಳಿಸಿದ್ದೆ."

ಗೋಡೆಯ ಕಲೆಯ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಆಮೇಲೂ ಹೇಳಲಾಗಲಿಲ್ಲ. ಮಾಫಿ ಎಂಬ ಮಾತನ್ನು ಅವಳು ಆಡಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಹೊತ್ತು ಇಳಿಯುವ ತನಕ ನೂಲುವುದನ್ನು ನೋಡುತ್ತ ಕೂತು ಎದ್ದು ಬಂದೆವು.

ಎಲ್ಲ ಹೇಳಿಕೊಂಡ ಮೇಲೆ ಸಪ್ಪಳ ನಿಂತಿತು ಎಂದು ಬರೆದರೆ ನಿಮಗೂ ನೆಮ್ಮದಿ. ನಿಲ್ಲಲಿಲ್ಲ. ಬೇಸಗೆಯಲ್ಲಿ ಈಗಲೂ ಒಮ್ಮೊಮ್ಮೆ ಬರುತ್ತದೆ. ವ್ಯತ್ಯಾಸ ಇಷ್ಟೆ, ನಾನು ಮೊದಲನೆಯ ಬಡಿತಕ್ಕೇ ತೆರೆಯುತ್ತೇನೆ. ಯಾರೂ ಇರುವುದಿಲ್ಲ. ಒಂದು ಲೋಟ ನೀರು ಹೊಸ್ತಿಲಾಚೆ ಇಟ್ಟು ಬರುತ್ತೇನೆ.

ಇವತ್ತೂ ಹಾಗೇ ಆಯಿತು. ತಿಮ್ಮಣ್ಣನಿಗೆ ಚಹಾ ಕೊಟ್ಟು ಬಂದು ಮತ್ತೆ ಹುಣಸೆಹಣ್ಣಿನ ಮುಂದೆ ಕೂತಿದ್ದೆ. ಅವನು ಹಿತ್ತಲಲ್ಲಿ ಸುಣ್ಣ ಕಲಸುವ ಸಪ್ಪಳ ಕೇಳುತ್ತಿತ್ತು. ಆಗ ಮುಂದಿನ ಕೊಂಡಿ ಬಡಿಯಿತು. ಎದ್ದು ತೆರೆದೆ, ಬಿಸಿಲೊಂದೇ ಇತ್ತು. ನೀರಿಟ್ಟು ಒಳಗೆ ಬಂದೆ.

ಅರ್ಧ ತಾಸಿನ ಮೇಲೆ ನೋಡಿದರೆ ತಿಮ್ಮಣ್ಣ ಬಾಗಿಲ ಬಲಕ್ಕೆ ಕಾಲು ಚಾಚಿ, ಗೋಡೆಗೆ ಒರಗಿ ಕೂತಿದ್ದ. ಲೋಟ ಖಾಲಿಯಾಗಿ ಬೋರಲು ಬಿದ್ದಿತ್ತು.

"ನಂಗ ಇಟ್ಟೀರಿ ಅಂದ್ಕೊಂಡು ಕುಡದೆ ಅಮ್ಮಾರ. ಬ್ಯಾರೆ ಯಾರಿಗರ ಇಟ್ಟಿದ್ರೇನು?"

ಅವನ ತಲೆ ಸರಿಯಾಗಿ ಆ ಕಲೆಯ ಮೇಲಿತ್ತು. ನಾನು ಬೋರಲು ಬಿದ್ದ ಲೋಟ ಎತ್ತಿಕೊಂಡೆ.

"ನಿನಗೇ ಇಟ್ಟದ್ದು" ಎಂದೆ. "ಇನ್ನೊಂದು ಲೋಟ ತರ್ಲೇನು?"

"ತರ್ರಿ" ಎಂದ ಅವನು, ಕಣ್ಣು ಮುಚ್ಚಿಕೊಂಡೇ.