ಕಿಚ್ಚು ಹಾಯುವ ಪುಟ

ನಮ್ಮ ಅಂಗನವಾಡಿ ಮಕ್ಕಳಿಗೆ ಓದಿ ಹೇಳಲು ಸಂಕ್ರಾಂತಿಯ ಚಿತ್ರಪುಸ್ತಕ ಆರಿಸಲೆಂದು ಇವತ್ತು ಮಂಡ್ಯಕ್ಕೆ ಹೋಗಿದ್ದೆ. ಹೊಸ ಪುಟಗಳ ವಾಸನೆ ನನ್ನನ್ನು ಚಿಕ್ಕಂದಿನಲ್ಲಿ ಓದಿದ ಹಲಗೂರಿನ ಶಾಲೆಗೆ ಎಳೆದೊಯ್ದಿತು.

ಅಪ್ಪ ತೀರಿಕೊಂಡ ವರ್ಷ ಅದು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲ. ಅವ್ವನಂತೂ ಅಪ್ಪನ ಮಾತನ್ನೇ ಎತ್ತುತ್ತಿರಲಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಟೀಚರ್ ಚಿತ್ರಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಬೇಕಾದ್ದನ್ನು ಮನೆಗೆ ಒಯ್ಯಿರಿ ಎಂದರು. ಎತ್ತುಗಳು ಕಿಚ್ಚು ಹಾಯುವ ಪುಸ್ತಕಕ್ಕೆ ಕೈ ಚಾಚಿದೆ.

"ಲೇ, ನಿಮ್ಗೆ ಈ ವರ್ಸ ಅಬ್ಬ ಇಲ್ಲ ಕಣೇ, ಮುಟ್ಬ್ಯಾಡ!" ಎಂದಳು ಗೆಳತಿ ಸುಧಾ.

ಕೈ ಹಿಂದಕ್ಕೆ ಬಂತು. ಟೀಚರ್ ಅದನ್ನೇ ನನ್ನ ಚೀಲಕ್ಕೆ ಹಾಕಿದರು.

ಮನೆಯಲ್ಲಿ ಬಚ್ಚಿಡುವಷ್ಟರಲ್ಲಿ ರಾಗಿ ಕೇರುತ್ತಿದ್ದ ಅವ್ವ ನೋಡಿಬಿಟ್ಟಳು.

"ಏನಮ್ಮಿ ಅದು? ತತ್ತಾ ಇಲ್ಲಿ."

ಒಲೆಗೆ ಹಾಕುತ್ತಾಳೆಂದೇ ಹೆದರಿದೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಟ ತಿರುವುತ್ತಾ ಕಿಚ್ಚಿನ ಚಿತ್ರಕ್ಕೆ ಬಂದು ನಿಂತಳು. ಎತ್ತಿನ ಹಗ್ಗ ಹಿಡಿದವನ ಮೇಲೆ ಬೆರಳಿಟ್ಟಳು.

"ನಿಮ್ಮಪ್ಪ ಅಗ್ಗ ಇಂಗೆ ಬಿಗಿಯಾಗಿ ಇಡೀತಿರ್ಲಿಲ್ಲ ಕಣವ್ವ. ಸಡ್ಲ ಬುಟ್ಟು ತಾನೇ ಮುಂದೆ ಓಡೋನು," ಎಂದಳು.

ಈಗ ಅವ್ವನೂ ಇಲ್ಲ; ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ತವರಿನಲ್ಲಿ ಈ ವರ್ಷವೂ ಹಬ್ಬವಿಲ್ಲ. ಆದರೂ ಕಿಚ್ಚಿನ ಚಿತ್ರವಿರುವ ಪುಸ್ತಕವನ್ನೇ ಆರಿಸಿಕೊಂಡು ಬಂದೆ. ಇದರಲ್ಲೂ ಹಗ್ಗವನ್ನು ಬಿಗಿಯಾಗಿಯೇ ಹಿಡಿದಿದ್ದಾರೆ.